ಗೃಹವಿಜ್ಞಾನ ಓದಿದರೆ ಮುಂದೇನು?

ಬಂಟ್ವಾಳದ ಕಡೆಯಿಂದ ಚಾರ್ಮಾಡಿಯತ್ತ ಹೋಗುವ ಹೆದ್ದಾರಿ, ವೇಣೂರಿನ ಮೇಲೆ ಮೂಡುಬಿದಿರೆಯತ್ತ ಸಾಗುವ ರಸ್ತೆ, ಉಪ್ಪಿನಂಗಡಿಯ ರಸ್ತೆ, ಇವೆಲ್ಲ ಕೂಡುವ ಜಾಗ ಗುರುವಾಯನಕೆರೆ. ಹೆಸರಿಗೆ ತಕ್ಕಂತೆ ವಿಶಾಲವಾದ ಕೆರೆಯೊಂದು ಇಲ್ಲಿದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಫಲಿತಾಂಶ ಬಂತೆಂದರೆ ಈ ಜಂಕ್ಷನ್ನಿನಲ್ಲಿ ಬಸ್ಸಿಗೆ ಕಾಯುವವರ ಮಾತೆಲ್ಲ ನೀಟ್ ಮತ್ತು ಸಿಇಟಿಯ ಸುತ್ತಲೇ ಸುತ್ತುತ್ತದೆ. ರ‍್ಯಾಂಕ್ ಬಂದವರ ಭಾವಚಿತ್ರಗಳು ರಸ್ತೆ ಬದಿಯಲ್ಲಿ ರಾರಾಜಿಸುತ್ತವೆ. ಅದು ಸಂತೋಷದ ವಿಷಯವೇ. ಆದರೆ ವಿಜ್ಞಾನ ವಿಭಾಗದಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿಯೂ ವೈದ್ಯಕೀಯ ಸೀಟಿನ ಹತ್ತಿರ ಸುಳಿಯಲಾಗದ, ಎಂಜಿನಿಯರಿಂಗಿನಲ್ಲಿ ಮನಸ್ಸೂ ಇಲ್ಲದ ವಿದ್ಯಾರ್ಥಿಗಳು ಈ ಭಾಗದ ಪ್ರತಿ ಊರಿನಲ್ಲೂ ಇದ್ದಾರೆ. ಅಡಿಕೆ, ರಬ್ಬರು ಅಥವಾ ಬೀಡಿಯ ಆದಾಯದಲ್ಲಿ ಮಕ್ಕಳನ್ನು ಓದಿಸುವ ತಂದೆ-ತಾಯಿಗೆ ಇಂಥ ಮಗ ಅಥವಾ ಮಗಳನ್ನು ಮುಂದೆ ಯಾವ ಕೋರ್ಸಿಗೆ ಸೇರಿಸಬೇಕು ಎಂಬುದೇ ದೊಡ್ಡ ಚಿಂತೆ.

ಅಂಥವರ ಮುಂದೆ ಗೃಹವಿಜ್ಞಾನದ ಹೆಸರೆತ್ತಿದರೆ ಸಾಮಾನ್ಯವಾಗಿ ಬರುವ ಪ್ರತಿಕ್ರಿಯೆ ಒಂದೇ: 'ಅಡುಗೆ ಕಲಿಯಲಿಕ್ಕೆ ಕಾಲೇಜಿಗೆ ಯಾಕೆ ಮಾರಾಯ್ರೆ, ಮನೆಯಲ್ಲಿ ಅಮ್ಮ ಇಲ್ಲವಾ?' ಈ ಪ್ರಶ್ನೆ ಕೇಳುವವರನ್ನು ತಪ್ಪುಗಾರರೆನ್ನುವಂತಿಲ್ಲ. ಮದುವೆಯಾಗುವವರೆಗೆ ಹುಡುಗಿಯರು ಹೊತ್ತು ಕಳೆಯಲು ಇರುವ ಕೋರ್ಸು ಎಂಬ ಅಭಿಪ್ರಾಯ ಬಹಳ ಕಾಲ ಈ ವಿಷಯಕ್ಕೆ ಅಂಟಿಕೊಂಡಿತ್ತು. ಆ ಅಭಿಪ್ರಾಯವನ್ನು ನಂಬಿ ದೂರ ಸರಿದವರಿಗೆ ಒಂದು ಬಗೆಯ ನಷ್ಟ. ಅದಕ್ಕೆ ವಿರುದ್ಧವಾಗಿ, 'ಸೇರಿದರೆ ಸಾಕು, ಕೆಲಸ ಖಂಡಿತ' ಎಂಬ ಮಾತನ್ನು ನಂಬಿ, ಯಾವ ಶಾಖೆ, ಯಾವ ಪದವಿ ಎಂದು ನೋಡದೆ ಸೇರಿದವರಿಗೆ ಇನ್ನೊಂದು ಬಗೆಯ ನಷ್ಟ. ಹಾಗಾಗಿ ಈ ಓದಿನಲ್ಲಿ ನಿಜಕ್ಕೂ ಏನಿದೆ, ಅದು ಎಲ್ಲಿಗೆ ಕರೆದೊಯ್ಯುತ್ತದೆ, ಎಲ್ಲಿಗೆ ಕರೆದೊಯ್ಯುವುದಿಲ್ಲ ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ರಸಾಯನಶಾಸ್ತ್ರಜ್ಞೆಯಿಂದ ಆರಂಭ

ಗೃಹವಿಜ್ಞಾನವನ್ನು ಒಂದು ಶಾಸ್ತ್ರವಾಗಿ ಕಟ್ಟಿದವರಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವವರು ಅಮೆರಿಕದ ಎಲೆನ್ ಸ್ವಾಲೊ ರಿಚರ್ಡ್ಸ್. ಆಕೆ ಪಾಕಪ್ರವೀಣೆಯೆಂದು ಹೆಸರಾದವರಲ್ಲ, ರಸಾಯನಶಾಸ್ತ್ರಜ್ಞೆ. ಪ್ರಸಿದ್ಧವಾದ ಮ್ಯಾಸಚೂಸೆಟ್ಸ್ ತಾಂತ್ರಿಕ ಸಂಸ್ಥೆಗೆ ಪ್ರವೇಶ ಪಡೆದ ಮೊದಲ ಮಹಿಳೆ. 1873ರಲ್ಲಿ ಅಲ್ಲಿಂದ ಪದವಿ ಪಡೆದರು. ಮ್ಯಾಸಚೂಸೆಟ್ಸ್ ರಾಜ್ಯದ ಕುಡಿಯುವ ನೀರಿನ ಮೂಲಗಳನ್ನು ಪರೀಕ್ಷಿಸುವ ದೊಡ್ಡ ಸಮೀಕ್ಷೆಯಲ್ಲಿ ದುಡಿದರು. ಪೇಟೆಯಲ್ಲಿ ಮಾರುವ ಆಹಾರ ಪದಾರ್ಥಗಳ ಕಲಬೆರಕೆಯನ್ನೂ ಪರಿಶೋಧಿಸಿದರು. ನೀರು, ಗಾಳಿ, ಆಹಾರ, ಮನೆಯ ನೈರ್ಮಲ್ಯ ಇವೆಲ್ಲ ರಸಾಯನಶಾಸ್ತ್ರದ ಪ್ರಶ್ನೆಗಳೇ ಎಂಬುದು ಅವರ ನಿಲುವು. 1893ರಲ್ಲಿ ಷಿಕಾಗೊದಲ್ಲಿ ನಡೆದ ವಿಶ್ವ ಮೇಳದಲ್ಲಿ ಕಡಿಮೆ ಬೆಲೆಯ ಊಟ ಬಡಿಸುವ ಅಡುಗೆಮನೆಯೊಂದನ್ನು ನಡೆಸಿ, ಊಟದಲ್ಲಿರುವ ಪೋಷಕಾಂಶಗಳ ವಿವರವನ್ನೂ ಜನರಿಗೆ ಒದಗಿಸಿದರು. ಇಂದು ಬಿಸ್ಕತ್ತಿನ ಪೊಟ್ಟಣದ ಹಿಂಬದಿಯಲ್ಲಿ ಅಚ್ಚಾಗುವ ಪೋಷಕಾಂಶಗಳ ಪಟ್ಟಿಯನ್ನು ನೋಡಿದವರಿಗೆ ಆ ಪ್ರಯತ್ನದ ಮಹತ್ವ ಅರ್ಥವಾದೀತು. 1899ರಲ್ಲಿ ಲೇಕ್ ಪ್ಲಾಸಿಡ್ ಎಂಬಲ್ಲಿ ಆರಂಭವಾದ ಸಮ್ಮೇಳನಗಳಲ್ಲಿ ಈ ಜ್ಞಾನಶಾಖೆಗೆ ಗೃಹ ಅರ್ಥಶಾಸ್ತ್ರ ಎಂಬ ಹೆಸರು ಗಟ್ಟಿಯಾಯಿತು. ನಮ್ಮಲ್ಲಿ ರೂಢಿಗೆ ಬಂದದ್ದು ಗೃಹವಿಜ್ಞಾನ ಎಂಬ ಹೆಸರು.

ಭಾರತದಲ್ಲಿ ಈ ಓದಿಗೆ ನೆಲೆ ಒದಗಿಸಿದ ಸಂಸ್ಥೆಗಳಲ್ಲಿ 1932ರಲ್ಲಿ ದೆಹಲಿಯಲ್ಲಿ ಆರಂಭವಾದ ಲೇಡಿ ಇರ್ವಿನ್ ಕಾಲೇಜು ಮುಖ್ಯವಾದುದು. ಅಖಿಲ ಭಾರತ ಮಹಿಳಾ ಸಮ್ಮೇಳನದ ಪ್ರಯತ್ನ ಅದರ ಹಿಂದಿತ್ತು. ಮುಂದೆ ಬರೋಡದ ವಿಶ್ವವಿದ್ಯಾನಿಲಯದಲ್ಲಿ ಗೃಹವಿಜ್ಞಾನದ ಪ್ರತ್ಯೇಕ ನಿಕಾಯ ರೂಪುಗೊಂಡಿತು. 1957ರಲ್ಲಿ ಕೊಯಮತ್ತೂರಿನಲ್ಲಿ ಅವಿನಾಶಿಲಿಂಗಂ ಗೃಹವಿಜ್ಞಾನ ಕಾಲೇಜು ಬಂತು. ಕರ್ನಾಟಕದ ಮಟ್ಟಿಗೆ ದೊಡ್ಡ ಹೆಜ್ಜೆಯೆಂದರೆ 1974ರಲ್ಲಿ ಧಾರವಾಡದಲ್ಲಿ ಆರಂಭವಾದ ಗ್ರಾಮೀಣ ಗೃಹವಿಜ್ಞಾನ ಮಹಾವಿದ್ಯಾಲಯ. ಕೃಷಿ ವಿಶ್ವವಿದ್ಯಾನಿಲಯದ ಅಡಿಯಲ್ಲಿ, 'ಗ್ರಾಮೀಣ' ಎಂಬ ವಿಶೇಷಣವನ್ನು ಹೊತ್ತು ಬಂದ ಕಾಲೇಜು ಅದು. ರೈತನ ಹೊಲಕ್ಕೆ ಸಂಶೋಧನೆ ತಲುಪಬೇಕಾದರೆ ರೈತನ ಮನೆಗೂ ತಲುಪಬೇಕೆಂಬ ಆಲೋಚನೆ ಅದರ ಹಿಂದಿತ್ತು. ಈಗ ಅದು ಸಮುದಾಯ ವಿಜ್ಞಾನ ಮಹಾವಿದ್ಯಾಲಯ. ಹೆಸರು ಬದಲಾದದ್ದರಿಂದ ವಿದ್ಯಾರ್ಥಿಗಳಿಗೆ ಆಗುವ ಗೊಂದಲವನ್ನು ಮುಂದೆ ನೋಡೋಣ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇತಿಹಾಸದಲ್ಲಿಯೂ ಇದಕ್ಕೆ ಹತ್ತಿರದ ಒಂದು ಪ್ರಸಂಗವಿದೆ. 1933ರಲ್ಲಿ ಕಮಲಾ ಭಾಗವತ್ ಎಂಬ ವಿದ್ಯಾರ್ಥಿನಿ ಅಲ್ಲಿಗೆ ಅರ್ಜಿ ಹಾಕಿದಾಗ ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸರ್ ಸಿ.ವಿ. ರಾಮನ್ ಮೊದಲು ಪ್ರವೇಶ ನಿರಾಕರಿಸಿದರು. ಆಕೆ ಪಟ್ಟು ಬಿಡದೆ ಸೇರಿಕೊಂಡು, ಹಾಲು ಹಾಗೂ ದ್ವಿದಳ ಧಾನ್ಯಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿ, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು. ಇವರೇ ಮುಂದೆ ಕಮಲಾ ಸೊಹೋನಿ ಎಂದು ಖ್ಯಾತರಾದವರು. ಬೇಳೆಯನ್ನು ಪ್ರಯೋಗಾಲಯಕ್ಕೆ ಒಯ್ದರೆ ಅದು ಎಷ್ಟು ಗಂಭೀರವಾದ ವಿಜ್ಞಾನವಾಗಬಲ್ಲದು ಎಂಬುದಕ್ಕೆ ಬೇರೆ ಉದಾಹರಣೆ ಬೇಕಿಲ್ಲ.

ಗಂಜಿಯ ಬಟ್ಟಲಿನಲ್ಲಿ

ಅಷ್ಟು ದೂರ ಹೋಗುವುದೂ ಬೇಡ. ಬೆಳ್ತಂಗಡಿ, ಬಂಟ್ವಾಳದ ಮನೆಗಳಲ್ಲಿ ನಿತ್ಯ ಉಣ್ಣುವ ಕುಚ್ಚಲಕ್ಕಿಯ ಗಂಜಿಯನ್ನೇ ತೆಗೆದುಕೊಳ್ಳಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿ, ಬಳಿಕ ಅಕ್ಕಿ ಮಾಡುವುದು ಇಲ್ಲಿನ ಪದ್ಧತಿ. ಬೇಯಿಸುವಾಗ ತವಡಿನ ಪದರದಲ್ಲಿರುವ ಥಯಾಮಿನ್ ಮೊದಲಾದ ಬಿ ಗುಂಪಿನ ಜೀವಸತ್ವಗಳಲ್ಲಿ ಒಂದು ಭಾಗ ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ತವಡು ಹೋದರೂ ಜೀವಸತ್ವ ಪೂರ್ತಿ ಹೋಗುವುದಿಲ್ಲ. ಬೆಳ್ತಿಗೆ ಅಕ್ಕಿಗೆ ಪಾಲಿಶ್ ಮಾಡಿದಾಗ ಈ ರಕ್ಷಣೆ ಇರುವುದಿಲ್ಲ. ಪಾಲಿಶ್ ಅಕ್ಕಿಯನ್ನೇ ನಂಬಿದ ಜನರಲ್ಲಿ ನರ ಹಾಗೂ ಹೃದಯವನ್ನು ಕೆಡಿಸುವ ಬೆರಿಬೆರಿ ರೋಗ ಒಂದು ಕಾಲದಲ್ಲಿ ಸಾವಿರಾರು ಜೀವಗಳನ್ನು ಬಲಿ ತೆಗೆದುಕೊಂಡಿತ್ತು. ಜಾವಾ ದ್ವೀಪದಲ್ಲಿ ಕೋಳಿಗಳಿಗೆ ಪಾಲಿಶ್ ಅಕ್ಕಿ ಹಾಕಿ ಇದರ ಗುಟ್ಟನ್ನು ಹಿಡಿಯಲು ದಾರಿ ತೋರಿದ ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಪಾರಿತೋಷಕ ಬಂತು. ಭಾರತದಲ್ಲಿ ಇದೇ ಬೆರಿಬೆರಿಯ ಸಂಶೋಧನೆಗೆಂದು 1918ರಲ್ಲಿ ಕೂನೂರಿನಲ್ಲಿ ರಾಬರ್ಟ್ ಮೆಕ್ಯಾರಿಸನ್ ಪುಟ್ಟ ಘಟಕವೊಂದನ್ನು ಆರಂಭಿಸಿದರು. ಬೆಳೆಯುತ್ತಾ ಹೋದ ಆ ಘಟಕ 1958ರಲ್ಲಿ ಹೈದರಾಬಾದಿಗೆ ಬಂದು, ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ಅಲ್ಲಿಂದ 2017ರಲ್ಲಿ ಹೊರಬಂದ ಆಹಾರ ಸಂಯೋಜನೆಯ ಕೋಷ್ಟಕಗಳಲ್ಲಿ 528 ಭಾರತೀಯ ಆಹಾರ ಪದಾರ್ಥಗಳ ಪೋಷಕಾಂಶಗಳ ಲೆಕ್ಕವಿದೆ. ಗೃಹವಿಜ್ಞಾನದ ವಿದ್ಯಾರ್ಥಿಯ ಮೇಜಿನ ಮೇಲೆ ಸದಾ ಇರಬೇಕಾದ ಪುಸ್ತಕವದು.

ಆಟಿಯ ಮಳೆಯಲ್ಲಿ ಮಾಡುವ ಪತ್ರೊಡೆಗೂ ಇದೇ ಮಾತು ಅನ್ವಯ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ಬಾಯಿ, ಗಂಟಲು ತುರಿಸುವುದು ಅವುಗಳಿಂದ. ಹುಳಿ ಧಾರಾಳವಾಗಿ ಹಾಕಿ ಚೆನ್ನಾಗಿ ಬೇಯಿಸಬೇಕೆಂದು ಅಜ್ಜಿಯರು ಹೇಳುವುದು ಸುಮ್ಮನೆ ಅಲ್ಲ. ಹರಿವೆ ಸೊಪ್ಪಿನಲ್ಲಿ ಕಬ್ಬಿಣದ ಅಂಶವಿದೆ. ಆದರೆ ಸೊಪ್ಪಿನ ಕಬ್ಬಿಣವನ್ನು ನಮ್ಮ ಕರುಳು ಅಷ್ಟು ಸುಲಭವಾಗಿ ಹೀರಿಕೊಳ್ಳುವುದಿಲ್ಲ. ಜೊತೆಗೆ ಲಿಂಬೆಯೋ ನೆಲ್ಲಿಕಾಯಿಯೋ ಇದ್ದರೆ ಅದರ ಸಿ ಜೀವಸತ್ವದಿಂದ ಹೀರಿಕೆ ಹೆಚ್ಚುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಕಡಿಮೆಯಾಗುತ್ತದೆ. ಇದೇನೂ ಸಣ್ಣ ವಿಷಯವಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8 ಮಂದಿ ರಕ್ತಹೀನತೆಯುಳ್ಳವರು. ದೇಶದ ಲೆಕ್ಕ ಶೇ. 57. ಹೆಚ್ಚುಕಡಿಮೆ ಎರಡನೆಯ ಮನೆಯ ಹೆಣ್ಣುಮಗಳು ಬಳಲಿಕೆಯನ್ನು 'ಕೆಲಸದ ದಣಿವು' ಎಂದುಕೊಂಡು ಸುಮ್ಮನಿದ್ದಾಳೆಂದು ಇದರ ಅರ್ಥ.

ಅಮ್ಮನಿಗೆ ಅಡುಗೆ ಬರುತ್ತದೆ ಎಂಬುದು ನಿಜ. ಯಾವ ಅಡುಗೆ ಯಾವ ದೇಹಕ್ಕೆ, ಎಷ್ಟು ಪ್ರಮಾಣದಲ್ಲಿ, ಯಾಕೆ ಎಂಬ ಲೆಕ್ಕವನ್ನು ಕಾಲೇಜಿನಲ್ಲಿ ಕಲಿಸುತ್ತಾರೆ.

ಏನೇನು ಓದಬೇಕು?

ಗೃಹವಿಜ್ಞಾನದಲ್ಲಿ ಸಾಂಪ್ರದಾಯಿಕವಾಗಿ ಐದು ಶಾಖೆಗಳಿವೆ. ಆಹಾರ ವಿಜ್ಞಾನ ಮತ್ತು ಪೋಷಣೆ, ಮಾನವ ಅಭಿವೃದ್ಧಿ, ಜವಳಿ ಮತ್ತು ಉಡುಪು ವಿನ್ಯಾಸ, ಕುಟುಂಬ ಸಂಪನ್ಮೂಲ ನಿರ್ವಹಣೆ, ವಿಸ್ತರಣೆ ಮತ್ತು ಸಂವಹನ. ಧಾರವಾಡದ ನಾಲ್ಕು ವರ್ಷಗಳ ಬಿಎಸ್ಸಿ ಆನರ್ಸ್ ಪದವಿಯಲ್ಲಿ ಈ ಐದನ್ನೂ ಓದಿಸಲಾಗುತ್ತದೆ. ಜೊತೆಗೆ ಹಳ್ಳಿಯಲ್ಲಿ ಉಳಿದು ಕೆಲಸ ಮಾಡುವ ಅವಧಿಯೂ ಇದೆ. ಜೀವರಸಾಯನ, ಸೂಕ್ಷ್ಮಾಣುಜೀವಿ ವಿಜ್ಞಾನ, ಶರೀರಕ್ರಿಯೆ, ಸಂಖ್ಯಾಶಾಸ್ತ್ರ ಇವೆಲ್ಲವನ್ನೂ ಎದುರಿಸಬೇಕು. ಸುಲಭದ ಕೋರ್ಸೆಂದು ಸೇರುವವರು ಮೊದಲ ಸೆಮಿಸ್ಟರಿನಲ್ಲೇ ಬೆಚ್ಚಿಬೀಳುವುದುಂಟು.

ಹೆಚ್ಚು ಜನ ಬಯಸುವ ಶಾಖೆ ಆಹಾರ ಮತ್ತು ಪೋಷಣೆ. ಮಾನವ ಅಭಿವೃದ್ಧಿಯಲ್ಲಿ ಶಿಶುವಿನ ಬೆಳವಣಿಗೆಯಿಂದ ವೃದ್ಧಾಪ್ಯದವರೆಗಿನ ಮನುಷ್ಯನ ಬದುಕಿನ ಅಧ್ಯಯನವಿದೆ. ಜವಳಿಯಲ್ಲಿ ನೂಲಿನ ನಂಬರು, ಬಣ್ಣದ ಗಟ್ಟಿತನ, ನೈಸರ್ಗಿಕ ಬಣ್ಣಗಳು ಮುಂತಾದ ವಿಷಯಗಳು ಬರುತ್ತವೆ. 2016ರಲ್ಲಿ ಭೌಗೋಳಿಕ ಸೂಚಿಕೆ ಪಡೆದ ಉಡುಪಿ ಸೀರೆಯಂಥ ಕೈಮಗ್ಗದ ಬಟ್ಟೆಗೆ ಮಾರುಕಟ್ಟೆ ಹುಡುಕುವ ಕೆಲಸಕ್ಕೆ ಈ ಓದು ನೇರವಾಗಿ ಒದಗುತ್ತದೆ.

ಸಂಪನ್ಮೂಲ ನಿರ್ವಹಣೆ ಎಂದರೆ ಏನೆಂದು ಹಲವರಿಗೆ ಹೊಳೆಯುವುದಿಲ್ಲ. ಒಂದು ಹಳೆಯ ಉದಾಹರಣೆ ಸಾಕು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಎಂಬ ಘಟಕ ರೂಪಿಸಿದ 'ಅಸ್ತ್ರ ಒಲೆ' ಕರ್ನಾಟಕದ ಹಳ್ಳಿಗಳಲ್ಲಿ ಹೆಸರಾಗಿತ್ತು. ಕಡಿಮೆ ಸೌದೆ, ಕೊಳವೆಯ ಮೂಲಕ ಹೊರಹೋಗುವ ಹೊಗೆ ಅದರ ವೈಶಿಷ್ಟ್ಯ. ಹೊಗೆಯಿಂದ ಕಣ್ಣು ಉರಿಯುತ್ತಿದ್ದ ಗೃಹಿಣಿಯ ಸಮಸ್ಯೆಯನ್ನು ಎಂಜಿನಿಯರುಗಳು ಕೈಗೆತ್ತಿಕೊಂಡ ಅಪರೂಪದ ಸಂದರ್ಭವದು. ಆದರೆ ಒಲೆಯ ಬಾಯಿ ಎಷ್ಟು ಅಗಲವಿರಬೇಕು, ಯಾವ ಪಾತ್ರೆ ಅದರ ಮೇಲೆ ಕೂರುತ್ತದೆ, ಕೊಳವೆಯ ಮಸಿ ತೆಗೆಯುವವರು ಯಾರು ಎಂಬ ಪ್ರಶ್ನೆಗಳಿಗೆ ಉತ್ತರ ಅಡುಗೆಮನೆಯಲ್ಲಿ ನಿಂತು ನೋಡಿದವರಿಗೆ ಮಾತ್ರ ಸಿಗುತ್ತದೆ. ಅಡುಗೆಕಟ್ಟೆಯ ಎತ್ತರ, ಭಾರ ಎತ್ತುವ ಭಂಗಿ, ಅಡಿಕೆ ಸುಲಿಯುವ ಅಥವಾ ಬೀಡಿ ಕಟ್ಟುವ ಹೆಂಗಸಿನ ಬೆನ್ನುನೋವು, ಮನೆಯ ಆಯವ್ಯಯ ಇವೆಲ್ಲ ಈ ಶಾಖೆಯ ವ್ಯಾಪ್ತಿಗೆ ಬರುತ್ತವೆ. ಈ ಶಾಖೆಯನ್ನು ಆರಿಸಿಕೊಳ್ಳುವವರು ಕಡಿಮೆ ಎಂಬುದು ವಿಷಾದದ ಸಂಗತಿ.

ಕೆಲಸ ಎಲ್ಲಿದೆ?

ಮೊದಲನೆಯದು ಆಸ್ಪತ್ರೆ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳಲ್ಲಿರುವಷ್ಟು ವೈದ್ಯಕೀಯ ಕಾಲೇಜುಗಳು, ದೊಡ್ಡ ಆಸ್ಪತ್ರೆಗಳು ರಾಜ್ಯದ ಕೆಲವೇ ಭಾಗಗಳಲ್ಲಿವೆ. ಅಲ್ಲೆಲ್ಲ ಆಹಾರತಜ್ಞರ ಅವಶ್ಯಕತೆ ಇದೆ. ಅವರ ಕೆಲಸದ ಹೊಣೆ ಎಂಥದೆಂದು ತಿಳಿಯಲು ಎಳನೀರಿನ ಉದಾಹರಣೆ ನೋಡಬಹುದು. ಜ್ವರಕ್ಕೆ, ಸುಸ್ತಿಗೆ, ಉಷ್ಣಕ್ಕೆ ಎಳನೀರು ಕೊಡುವುದು ಈ ಕರಾವಳಿಯ ರೂಢಿ. ಕಾಯಿಲೆಯವರನ್ನು ನೋಡಲು ಹೋಗುವಾಗ ಎಳನೀರು, ಬಾಳೆಹಣ್ಣು ಒಯ್ಯುವವರೂ ಇದ್ದಾರೆ. ಆದರೆ ಎರಡರಲ್ಲೂ ಪೊಟ್ಯಾಶಿಯಂ ಹೇರಳ. ಮೂತ್ರಪಿಂಡ ಕೆಟ್ಟು ಡಯಾಲಿಸಿಸ್ ಮಾಡಿಸಿಕೊಳ್ಳುವವರ ರಕ್ತದಲ್ಲಿ ಪೊಟ್ಯಾಶಿಯಂ ಏರಿದರೆ ಹೃದಯದ ಬಡಿತವೇ ತಾಳ ತಪ್ಪಬಹುದು, ಪ್ರಾಣಕ್ಕೂ ಅಪಾಯ. ತರಕಾರಿಯನ್ನು ಹೆಚ್ಚಿ, ಧಾರಾಳ ನೀರಿನಲ್ಲಿ ಬೇಯಿಸಿ, ಆ ನೀರನ್ನು ಚೆಲ್ಲಿದರೆ ಪೊಟ್ಯಾಶಿಯಂ ಒಂದಿಷ್ಟು ಇಳಿಯುತ್ತದೆ. 'ನೀರು ಚೆಲ್ಲಬೇಡಿ, ಸತ್ವ ಹೋಗುತ್ತದೆ' ಎಂದು ಎಲ್ಲರಿಗೂ ಹೇಳುವ ಪಾಠವನ್ನು ಈ ರೋಗಿಗೆ ತಿರುಗಿಸಿ ಹೇಳಬೇಕಾಗುತ್ತದೆ. ವೈದ್ಯರಿಗೆ ಇದನ್ನೆಲ್ಲ ಮನೆಯವರಿಗೆ ಕುಳಿತು ವಿವರಿಸುವಷ್ಟು ಸಮಯವಿರುವುದಿಲ್ಲ. ಕುಚ್ಚಲಕ್ಕಿ, ತೆಂಗಿನಕಾಯಿ, ಒಣಮೀನು ತಿನ್ನುವ ಮನೆಯವರೊಡನೆ ತುಳುವಿನಲ್ಲೋ ಬ್ಯಾರಿಯಲ್ಲೋ ಮಾತಾಡಿ, ಅವರ ಊಟದೊಳಗೇ ಪಥ್ಯ ಹೊಂದಿಸಬಲ್ಲ ಸ್ಥಳೀಯ ಆಹಾರತಜ್ಞರಿಗೆ ಇರುವ ಅನುಕೂಲ ಹೊರಗಿನವರಿಗಿಲ್ಲ.

ಆದರೆ ಬಿಎಸ್ಸಿ ಪದವಿಯೊಂದರಿಂದ ಆಸ್ಪತ್ರೆಯಲ್ಲಿ ಗಟ್ಟಿಯಾದ ಸ್ಥಾನ ಸಿಗುವುದು ಕಷ್ಟ. ಪೋಷಣೆ ಮತ್ತು ಪಥ್ಯಶಾಸ್ತ್ರದಲ್ಲಿ ಸ್ನಾತಕೋತ್ತರ ಓದು ಅಥವಾ ಡಿಪ್ಲೊಮಾ, ಜೊತೆಗೆ ಆಸ್ಪತ್ರೆಯ ಇಂಟರ್ನ್‌ಶಿಪ್ ಬೇಕು. 1963ರಲ್ಲಿ ಸ್ಥಾಪನೆಯಾದ ಭಾರತೀಯ ಆಹಾರತಜ್ಞರ ಸಂಘ ನಡೆಸುವ ಪರೀಕ್ಷೆ ಪಾಸು ಮಾಡಿದವರು ನೋಂದಾಯಿತ ಆಹಾರತಜ್ಞರೆನಿಸಿಕೊಳ್ಳುತ್ತಾರೆ. 2021ರಲ್ಲಿ ಸಂಸತ್ತು ಅಂಗೀಕರಿಸಿದ ಆರೋಗ್ಯ ಸಹವರ್ತಿ ವೃತ್ತಿಗಳ ಕಾನೂನಿನಲ್ಲಿ ಪೋಷಣತಜ್ಞರು ಹಾಗೂ ಆಹಾರತಜ್ಞರನ್ನೂ ಸೇರಿಸಲಾಗಿದೆ. ಮೂರು ತಿಂಗಳ ಸರ್ಟಿಫಿಕೇಟ್ ಹಿಡಿದು 'ಡಯಟೀಶಿಯನ್' ಎಂಬ ಬೋರ್ಡು ಹಾಕುವವರಿಗೆ ಇನ್ನು ಮುಂದೆ ಕಾಲ ಕಠಿಣವಾಗಬಹುದು.

ಎರಡನೆಯದು ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ. ಇಂದು ಅಂಗನವಾಡಿ ಇಲ್ಲದ ಗ್ರಾಮವಿಲ್ಲ. ಅಂಗನವಾಡಿಗಳ ಮೇಲ್ವಿಚಾರಕಿ ಹಾಗೂ ಶಿಶು ಅಭಿವೃದ್ಧಿ ಯೋಜನಾಧಿಕಾರಿಯ ಹುದ್ದೆಗಳಿಗೆ ನಡೆಯುವ ಸ್ಪರ್ಧೆಯಲ್ಲಿ ಗೃಹವಿಜ್ಞಾನ ಓದಿದವರಿಗೆ ವಿಷಯದ ಹಿಡಿತವಿರುತ್ತದೆ. ಆದರೆ ನೇಮಕಾತಿ ಪ್ರಕಟಣೆ ವರ್ಷ ವರ್ಷ ಬರುವಂಥದಲ್ಲ, ಅದನ್ನೇ ನಂಬಿ ಕೂರುವಂತಿಲ್ಲ.

ಈ ಇಲಾಖೆಯಲ್ಲಿ ನಿಜವಾದ ಗೃಹವಿಜ್ಞಾನದ ಕೆಲಸ ಎಷ್ಟಿದೆ ಎಂಬುದಕ್ಕೆ ಮಾತೃಪೂರ್ಣ ಯೋಜನೆ ಸಾಕ್ಷಿ. ಗರ್ಭಿಣಿಯರಿಗೆ, ಬಾಣಂತಿಯರಿಗೆ ದಿನಕ್ಕೊಂದು ಪೂರ್ಣ ಊಟ ಎಂಬ ಒಳ್ಳೆಯ ಉದ್ದೇಶದಿಂದ 2017ರ ಅಕ್ಟೋಬರ್ 2ರಂದು ಅದು ರಾಜ್ಯವ್ಯಾಪಿಯಾಯಿತು. ಊಟವನ್ನು ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಬಯಲುಸೀಮೆಯ ಊರಿನಲ್ಲಿ ಮನೆಗಳು ಒಂದಕ್ಕೊಂದು ತಾಗಿಕೊಂಡಿರುತ್ತವೆ, ಅಂಗನವಾಡಿ ಹತ್ತು ಹೆಜ್ಜೆ. ಪಶ್ಚಿಮ ಘಟ್ಟದ ಬುಡದ ಬೆಳ್ತಂಗಡಿಯಂಥ ತಾಲೂಕಿನಲ್ಲಿ ಗುಡ್ಡಕ್ಕೊಂದು ಮನೆ, ನಡುವೆ ತೋಡು, ತೋಟ. ತುಂಬು ಗರ್ಭಿಣಿ ಒಂದು ಊಟಕ್ಕಾಗಿ ಗುಡ್ಡ ಇಳಿದು ಹತ್ತಬೇಕೇ ಎಂಬ ಆಕ್ಷೇಪ ಕರಾವಳಿ, ಮಲೆನಾಡುಗಳಿಂದ ಕೇಳಿಬಂತು. ಊಟದ ಪೋಷಕಾಂಶದ ಲೆಕ್ಕ ಸರಿಯಿದ್ದರೆ ಸಾಲದು, ಉಣ್ಣುವವಳ ಮನೆ ಎಲ್ಲಿದೆ ಎಂಬುದೂ ಲೆಕ್ಕದೊಳಗೆ ಸೇರಬೇಕು. ವಿಸ್ತರಣೆ ಎಂಬ ಶಾಖೆ ಕಲಿಸುವುದು ಇದನ್ನೇ. ಇಲ್ಲಿ ಹುಟ್ಟಿ ಬೆಳೆದ ಹುಡುಗಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಮೂರನೆಯದು ಕೃಷಿ ವಿಜ್ಞಾನ ಕೇಂದ್ರಗಳು. 1974ರಲ್ಲಿ ಪುದುಚೇರಿಯಲ್ಲಿ ಮೊದಲ ಕೇಂದ್ರ ಆರಂಭವಾಯಿತು. ಇಂದು ದೇಶದಲ್ಲಿ 700ಕ್ಕೂ ಹೆಚ್ಚು ಕೇಂದ್ರಗಳಿವೆ, ಮಂಗಳೂರಿನಲ್ಲೂ ಒಂದಿದೆ. ಇವುಗಳಲ್ಲಿರುವ ವಿಷಯ ತಜ್ಞರ ಪೈಕಿ ಗೃಹವಿಜ್ಞಾನದವರಿಗೂ ಸ್ಥಾನವಿರುವುದು ರೂಢಿ. ಇದಕ್ಕೂ ಸ್ನಾತಕೋತ್ತರ ಪದವಿ ಬೇಕು.

ಆಹಾರ ಉದ್ಯಮದ ಕಡೆ ನೋಡಿದರೆ ಕನ್ನಡಿಗರಿಗೆ ಮೈಸೂರು ಹತ್ತಿರದಲ್ಲಿದೆ. 1950ರಲ್ಲಿ ಅಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ ಎಮ್ಮೆಯ ಹಾಲಿನಿಂದ ಶಿಶು ಆಹಾರ ತಯಾರಿಸುವ ವಿಧಾನ ಕಂಡುಹಿಡಿದು ಅಮುಲ್‌ಗೆ ಕೊಟ್ಟಿತು. ಅಲ್ಲಿಯವರೆಗೆ ದೇಶ ಶಿಶು ಆಹಾರಕ್ಕೆ ಆಮದನ್ನೇ ನೆಚ್ಚಿಕೊಂಡಿತ್ತು. ಸೈನಿಕರ ಆಹಾರದ ಸಂಶೋಧನೆಗೆ 1961ರಲ್ಲಿ ಸ್ಥಾಪಿಸಿದ ರಕ್ಷಣಾ ಪ್ರಯೋಗಾಲಯವೂ ಮೈಸೂರಿನಲ್ಲೇ ಇದೆ. ಸಂಶೋಧನೆಯ ಹುಚ್ಚು ಇರುವವರು ಮೈಸೂರು ವಿಶ್ವವಿದ್ಯಾನಿಲಯದ ಆಹಾರ ವಿಜ್ಞಾನ ಮತ್ತು ಪೋಷಣ ವಿಭಾಗದಲ್ಲಿ ಎಂಎಸ್ಸಿ ಮಾಡಿ ಇಂಥ ಕಡೆಗೆ ಮುಂದುವರಿಯಬಹುದು. ಅಧ್ಯಾಪನಕ್ಕೆ ಯುಜಿಸಿಯ ನೆಟ್ ಪರೀಕ್ಷೆಯಲ್ಲಿ ಗೃಹವಿಜ್ಞಾನ ಒಂದು ವಿಷಯವಾಗಿದೆ. ಆದರೆ ಅದನ್ನು ಕಲಿಸುವ ಪದವಿಪೂರ್ವ ಕಾಲೇಜುಗಳು ಕಡಿಮೆ. ಮೇಷ್ಟರ ಕೆಲಸಕ್ಕೆಂದೇ ಈ ದಾರಿ ಹಿಡಿಯುವುದು ಜಾಣತನವಲ್ಲ.

ಸ್ವಂತ ಉದ್ಯೋಗ

ಗುರುವಾಯನಕೆರೆಯ ಸುತ್ತಮುತ್ತಲಿನವರಿಗೆ ಹೆಚ್ಚು ಹತ್ತಿರವಾದ ದಾರಿ ಬಹುಶಃ ಇದೇ. ಹಲಸಿನ ಹಪ್ಪಳ, ಮಾವಿನ ಮಿಡಿ, ಬಾಳೆಕಾಯಿ ಚಿಪ್ಸು, ಪುನರ್ಪುಳಿಯ ಶರಬತ್ತು ಮಾಡುವ ಕೈಗಳು ಇಲ್ಲಿನ ಮನೆಮನೆಯಲ್ಲಿವೆ. ಅವು ಹೋಳಿಗೆ, ಹಪ್ಪಳದ ಅಂಗಡಿಯವರೆಗೆ ಹೋಗುತ್ತವೆ. ಅದರಾಚೆಗೆ ಹೋಗದಿರಲು ಕಾರಣ ರುಚಿಯ ಕೊರತೆ ಅಲ್ಲ. ಜೂನ್ ಬಂತೆಂದರೆ ಹಪ್ಪಳಕ್ಕೆ ಬೂಸ್ಟು ಹಿಡಿಯುತ್ತದೆ. ಬೂಸ್ಟು ಬೆಳೆಯಲು ಪದಾರ್ಥದಲ್ಲಿ ಅದಕ್ಕೆ ದಕ್ಕುವಂಥ ನೀರು ಬೇಕು. ವಿಜ್ಞಾನಿಗಳು ಇದನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಯಲ್ಲಿ ಹೇಳುತ್ತಾರೆ. 0.6ರಿಂದ ಕೆಳಗಿಳಿದರೆ ಯಾವ ಬೂಸ್ಟೂ ಬೆಳೆಯುವುದಿಲ್ಲ. ಬಿಸಿಲಿಗೆ ಎಷ್ಟು ದಿನ ಹಾಕಿದಿರಿ ಎಂಬುದಕ್ಕಿಂತ ಒಳಗೆ ಎಷ್ಟು ನೀರು ಉಳಿಯಿತು, ಕಟ್ಟಿದ ಪ್ಲಾಸ್ಟಿಕ್ ಎಷ್ಟು ತೇವವನ್ನು ಒಳಗೆ ಬಿಡುತ್ತದೆ ಎಂಬುದು ಮುಖ್ಯ. ಉಪ್ಪಿನಕಾಯಿಯ ಹುಳಿಯ ಮಟ್ಟಕ್ಕೂ ಇಂಥದೇ ಲೆಕ್ಕವಿದೆ. ಆಮ್ಲೀಯತೆಯ ಅಂಕ 4.6ಕ್ಕಿಂತ ಕೆಳಗಿದ್ದರೆ ಮಾರಕವಾದ ಬಾಟುಲಿಸಂ ರೋಗಕ್ಕೆ ಕಾರಣವಾಗುವ ವಿಷ ತಯಾರಿಸುವ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯಲಾರದು. 2006ರ ಆಹಾರ ಸುರಕ್ಷತಾ ಕಾನೂನು ಬಂದ ಮೇಲೆ ಮನೆಯಲ್ಲಿ ಮಾಡಿ ಮಾರುವವರಿಗೂ ನೋಂದಣಿ, ಪೊಟ್ಟಣದ ಮೇಲೆ ವಿವರ ಮುಂತಾದ ನಿಯಮಗಳಿವೆ. ಇದನ್ನೆಲ್ಲ ಬಲ್ಲ ಒಬ್ಬ ಪದವೀಧರೆ ಒಂದು ಊರಿನಲ್ಲಿದ್ದರೆ ಹತ್ತು ಮನೆಯ ಹಪ್ಪಳ ಬೆಂಗಳೂರಿಗೆ ಹೋದೀತು.

ಇದಕ್ಕೆ ಬೇಕಾದ ತರಬೇತಿಗೂ ದೂರ ಹೋಗಬೇಕಿಲ್ಲ. ಹತ್ತು ಕಿಲೋಮೀಟರಿನ ಒಳಗೆ ಉಜಿರೆಯಲ್ಲಿ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದ ಶಿಕ್ಷಣ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್ ಹಾಗೂ ಕೆನರಾ ಬ್ಯಾಂಕ್ ಸೇರಿ 1982ರಲ್ಲಿ ಆರಂಭಿಸಿದ ಸ್ವಉದ್ಯೋಗ ತರಬೇತಿ ಸಂಸ್ಥೆಯಿದು. ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳು ಮುಂದೆ ತೆರೆದ ಇಂಥ ಸಂಸ್ಥೆಗಳಿಗೆ ಇದೇ ಮಾದರಿ. ಬಿಎಸ್ಸಿಯ ಜ್ಞಾನಕ್ಕೆ ಬ್ಯಾಂಕ್ ಸಾಲ, ಲೆಕ್ಕಪತ್ರ, ಮಾರಾಟದ ತಿಳಿವಳಿಕೆಯನ್ನು ಇಲ್ಲಿ ಜೋಡಿಸಿಕೊಳ್ಳಬಹುದು.

ಸೇರುವ ಮುನ್ನ

ಈಗ ಹೆಸರಿನ ಗೊಂದಲಕ್ಕೆ ಬರೋಣ. ಒಂದೇ ಜ್ಞಾನಕ್ಕೆ ಇಂದು ಹಲವು ಹೆಸರುಗಳಿವೆ. ಪದವಿಪೂರ್ವ ಹಂತದಲ್ಲಿ ಗೃಹವಿಜ್ಞಾನ, ಕೃಷಿ ವಿಶ್ವವಿದ್ಯಾನಿಲಯದಲ್ಲಿ ಸಮುದಾಯ ವಿಜ್ಞಾನ, ಕೇಂದ್ರದ ಪಠ್ಯಪುಸ್ತಕದಲ್ಲಿ ಮಾನವ ಪರಿಸರ ಮತ್ತು ಕುಟುಂಬ ವಿಜ್ಞಾನ, ಖಾಸಗಿ ಕಾಲೇಜುಗಳ ಕರಪತ್ರದಲ್ಲಿ ಆಹಾರ ವಿಜ್ಞಾನ, ಪೋಷಣೆ, ಪಥ್ಯಶಾಸ್ತ್ರ ಇತ್ಯಾದಿ. ಓದುವಾಗ ಇದರಿಂದ ತೊಂದರೆಯಿಲ್ಲ. ಕೆಲಸಕ್ಕೆ ಅರ್ಜಿ ಹಾಕುವಾಗ ಪದವಿಯ ಹೆಸರೇ ಮುಖ್ಯವಾಗುತ್ತದೆ. ಉದಾಹರಣೆಗೆ, ಆಹಾರ ಸುರಕ್ಷತಾ ಅಧಿಕಾರಿಯ ಹುದ್ದೆಗೆ 2011ರ ನಿಯಮಗಳಲ್ಲಿ ಆಹಾರ ತಂತ್ರಜ್ಞಾನ, ಹೈನು ತಂತ್ರಜ್ಞಾನ, ಜೈವಿಕ ತಂತ್ರಜ್ಞಾನ, ಕೃಷಿ ವಿಜ್ಞಾನ, ಜೀವರಸಾಯನ, ಸೂಕ್ಷ್ಮಾಣುಜೀವಿ ವಿಜ್ಞಾನ ಹೀಗೆ ಪದವಿಗಳನ್ನು ಹೆಸರು ಹಿಡಿದು ಹೇಳಲಾಗಿತ್ತು. ಆಹಾರದ ಬಗ್ಗೆಯೇ ಓದಿಸುವ ಗೃಹವಿಜ್ಞಾನದ ಹೆಸರು ಆ ಸಾಲಿನಲ್ಲಿರಲಿಲ್ಲ! ಆದುದರಿಂದ ಯಾವ ಕೆಲಸ ಬೇಕೆಂದು ಮೊದಲು ನೋಡಿಕೊಂಡು, ಆ ಹುದ್ದೆಯ ಇತ್ತೀಚಿನ ಪ್ರಕಟಣೆಯಲ್ಲಿ ಯಾವ ಪದವಿಯ ಹೆಸರಿದೆ ಎಂದು ಓದಿ, ಬಳಿಕ ಕಾಲೇಜಿಗೆ ಅರ್ಜಿ ಹಾಕುವುದು ಕ್ಷೇಮ. ಕಾಲೇಜಿನ ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಗಳೂ ಇವೆ: ಪದವಿಪತ್ರದಲ್ಲಿ ಏನೆಂದು ಬರೆದಿರುತ್ತದೆ? ಯಾವ ವಿಶ್ವವಿದ್ಯಾನಿಲಯದ್ದು? ಪ್ರಯೋಗಾಲಯ ಇದೆಯೇ? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ? ಕಳೆದ ಮೂರು ವರ್ಷ ಮುಗಿಸಿ ಹೋದವರು ಈಗ ಎಲ್ಲಿದ್ದಾರೆ? ಕೊನೆಯ ಪ್ರಶ್ನೆಗೆ ತಡವರಿಸುವ ಕಾಲೇಜಾದರೆ ಬೇರೆಡೆ ವಿಚಾರಿಸುವುದೇ ಲೇಸು.

ಪಿಯುಸಿಯಲ್ಲಿ ಯಾವ ವಿಷಯ ತೆಗೆದುಕೊಳ್ಳಬೇಕೆಂಬುದೂ ಈಗಲೇ ಯೋಚಿಸಬೇಕಾದ ವಿಷಯ. ಪೋಷಣೆಯ ಕಡೆ ಹೋಗುವವರಿಗೆ ಜೀವಶಾಸ್ತ್ರ, ರಸಾಯನಶಾಸ್ತ್ರ ಅವಶ್ಯ. ಆಹಾರ ತಂತ್ರಜ್ಞಾನದ ಬಿಟೆಕ್‌ಗೆ ಗಣಿತ ಬೇಕೇ ಬೇಕು. ಗಣಿತವೆಂದರೆ ಹೆದರಿ ಅದನ್ನು ಬಿಟ್ಟವರಿಗೆ ಆ ಬಾಗಿಲು ಮುಚ್ಚಿದಂತೆ. ಎರಡನ್ನೂ ಇಟ್ಟುಕೊಂಡರೆ ಎರಡು ವರ್ಷದ ನಂತರ ಮನಸ್ಸು ಬದಲಾದರೂ ತೊಂದರೆಯಾಗದು. ಹುಡುಗರು ಸೇರಬಹುದೇ ಎಂದು ಸಂಕೋಚದಿಂದ ಕೇಳುವವರಿದ್ದಾರೆ. ಆಹಾರ ವಿಜ್ಞಾನ, ಪೋಷಣೆಯ ಕೋರ್ಸುಗಳಲ್ಲಿ ಇಂದು ಹುಡುಗರೂ ಇದ್ದಾರೆ. ಹೋಟೆಲಿನ ದೊಡ್ಡ ಅಡುಗೆಯವರೆಲ್ಲ ಗಂಡಸರೇ ಆಗಿರುವ ಈ ನಾಡಿನಲ್ಲಿ ಅದಕ್ಕೆ ನಾಚುವುದೇಕೋ ತಿಳಿಯದು.

ಹಣದ ವಿಷಯವನ್ನೂ ಮೊದಲೇ ಲೆಕ್ಕ ಹಾಕಬೇಕು. ಈ ಕ್ಷೇತ್ರದ ಒಳ್ಳೆಯ ಕೆಲಸಗಳಿಗೆ ಸ್ನಾತಕೋತ್ತರ ಪದವಿ ಬೇಕಾಗುವುದರಿಂದ, ಪಿಯುಸಿಯ ನಂತರ ಐದಾರು ವರ್ಷ ಓದಿಸಲು ಮನೆಯವರು ಸಿದ್ಧರಿರಬೇಕು. ಮೂರು ವರ್ಷಕ್ಕೇ ನಿಲ್ಲಿಸುವ ಉದ್ದೇಶವಿದ್ದರೆ ಖಾಸಗಿ ಕಾಲೇಜಿನ ದುಬಾರಿ ಸೀಟಿಗೆ ಸಾಲ ಮಾಡುವುದು ಬೇಡ. ಧಾರವಾಡದ ಸೀಟುಗಳಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಅರ್ಜಿ ಹಾಕಬೇಕು. ಕೃಷಿ ವಿಶ್ವವಿದ್ಯಾನಿಲಯಗಳ ಕೋರ್ಸುಗಳಲ್ಲಿ ಕೃಷಿಕರ ಮಕ್ಕಳಿಗೆಂದು ಮೀಸಲು ಸೀಟುಗಳಿವೆ. ಇದಕ್ಕಾಗಿ ಪ್ರಾಯೋಗಿಕ ಪರೀಕ್ಷೆಯೊಂದು ಪ್ರತ್ಯೇಕವಾಗಿ ನಡೆಯುತ್ತದೆ. ಬೀಜ, ಗೊಬ್ಬರ, ಕೃಷಿ ಸಲಕರಣೆಗಳನ್ನು ನೋಡಿ ಗುರುತಿಸುವುದು ಅದರಲ್ಲಿ ಮುಖ್ಯ. ತೋಟದಲ್ಲಿ ಅಪ್ಪನ ಜೊತೆ ಓಡಾಡಿದ ಮಕ್ಕಳಿಗೆ ಅದೇನೂ ಕಷ್ಟವಲ್ಲ. ಆದರೆ ಸಿಇಟಿಯ ಅರ್ಜಿ ತುಂಬುವಾಗಲೇ ಈ ಮೀಸಲಾತಿಯನ್ನು ಕೇಳಿಕೊಂಡಿರಬೇಕು, ಜಮೀನಿನ ದಾಖಲೆ ಹಾಗೂ ತಹಸೀಲ್ದಾರರ ಪ್ರಮಾಣಪತ್ರ ಸಕಾಲದಲ್ಲಿ ಸಿದ್ಧವಿರಬೇಕು. ಗುರುವಾಯನಕೆರೆಯಿಂದ ಬೆಳ್ತಂಗಡಿಯ ತಾಲೂಕು ಕಚೇರಿಗೆ ಬಸ್ಸಿನಲ್ಲಿ ಕೆಲವೇ ನಿಮಿಷಗಳ ದಾರಿ. ಪರೀಕ್ಷೆಯ ತಯಾರಿಯ ಗಡಿಬಿಡಿಯಲ್ಲಿ ಅದನ್ನು ಕೊನೆಯ ವಾರಕ್ಕೆ ಉಳಿಸಿಕೊಳ್ಳದೆ ಡಿಸೆಂಬರ್ ರಜೆಯಲ್ಲೇ ಒಮ್ಮೆ ಹೋಗಿ ಅರ್ಜಿ ಕೊಟ್ಟು ಬರಬಹುದು.